ಐವತ್ತು ವರ್ಷದ ಆಸೆಯ ಶೆವೆಲ್: ಅರವತ್ತೆಂಟು ಸಾವಿರ ಡಾಲರ್ ಕೊಡಬಹುದೇ?

ಓದುಗರ ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 59, ಇಪ್ಪತ್ತಾರು ವರ್ಷಗಳಿಂದ ಮಿಷಿಗನ್ ರಾಜ್ಯದ ನೋವೈಯಲ್ಲಿದ್ದೇನೆ. 1971ರಲ್ಲಿ ಡೆಟ್ರಾಯಿಟ್‌ಗೆ ಓದಲು ಬಂದಿದ್ದ ನನ್ನ ಸೋದರಮಾವ ಊರಿಗೆ ಕಳಿಸಿದ ಒಂದು ಫೋಟೋದಲ್ಲಿ ತಮ್ಮ ರೂಮ್‌ಮೇಟಿನ ಕೆಂಪು ಶೆವ್ರೊಲೆ ಶೆವೆಲ್ ಕಾರಿಗೆ ಒರಗಿ ನಿಂತಿದ್ದರು. ನನಗಾಗ ಐದೋ ಆರೋ ವರ್ಷ. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಬೇರೆ ಕಾರು ಕಾಣದ ಹುಡುಗನಿಗೆ ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದ ಡ್ರೀಮ್ ಕ್ರೂಸ್‌ಗೆ ಹೋಗಿ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಈಗ ಒಹಾಯೊದ ಟೊಲೀಡೊದಲ್ಲಿ 1970ರ ಶೆವೆಲ್ ಎಸ್‌ಎಸ್ 396 (ದೊಡ್ಡ ಇಂಜಿನ್ನಿನ 'ಸೂಪರ್ ಸ್ಪೋರ್ಟ್' ಬಗೆ) ಮಾರಾಟಕ್ಕಿದೆ: ಕೆಂಪು ಬಣ್ಣ, ಕಪ್ಪು ಪಟ್ಟೆ, ಕಪ್ಪು ವಿನೈಲ್ ಛಾವಣಿ, ನಾಲ್ಕು ಗೇರು. ಬೆಲೆ 68,000 ಡಾಲರ್. ಮಾರಾಟಗಾರರು ಇದು "ನಂಬರ್ ಮ್ಯಾಚಿಂಗ್ ಕಾರು", ಅಂದರೆ ಹುಟ್ಟಿದಾಗಿನ ಇಂಜಿನ್ನೇ ಇರುವ ಕಾರು, "ಚಾಸಿ ನಂಬರೇ ಹೇಳುತ್ತದೆ ನೋಡಿ, ಇದು ಎಸ್‌ಎಸ್" ಎನ್ನುತ್ತಾರೆ, ಆದರೆ ಹಳೆಯ ಕಾಗದಪತ್ರ ಯಾವುದೂ ಇಲ್ಲ. ಇದು ನಿಜವಾದ ಎಸ್‌ಎಸ್ ಎಂದು ತಿಳಿಯುವುದು ಹೇಗೆ? ಸೀಸವಿಲ್ಲದ ಈಗಿನ ಪೆಟ್ರೋಲಿನಲ್ಲಿ ಇಂಜಿನ್ ಹಾಳಾಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ನನ್ನ ಭಾವಮೈದ, 18,000ಕ್ಕೆ ಓಡದ ಶೆವೆಲ್ ಒಂದನ್ನು ತಂದು ನಾವೇ ಸರಿಮಾಡೋಣ ಎನ್ನುತ್ತಿದ್ದಾನೆ. ನಿವೃತ್ತಿಯ ಹಣ ಮುಟ್ಟುತ್ತಿದ್ದೀರಿ ಎಂಬುದು ಮನೆಯವರ ಚಿಂತೆ. ಹಣ ಹೂಡಿಕೆಯಾಗಿಯಾದರೂ ಇದು ಸರಿಯೇ? ಮಾವನ ಫೋಟೋವನ್ನೂ ಟೊಲೀಡೊ ಕಾರಿನ ಫೋಟೋಗಳನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ:

ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಅಳುಕು. ಐದು ದಶಕ ಕಾದ ಮೇಲೆ ಕೈಗೆ ಬರುವ ಕಾರು ಸುಳ್ಳು ಕಾರಾದರೆ ಏನು ಗತಿ ಎಂಬುದು ಆ ಅಳುಕು, ಮತ್ತು ಅದು ನ್ಯಾಯವಾದದ್ದೇ. ಡೆಟ್ರಾಯಿಟ್ ಸುತ್ತಮುತ್ತ ಇಪ್ಪತ್ತೇಳು ವರ್ಷಗಳಿಂದ ಆ ಕಾಲದ ಕಾರುಗಳನ್ನು ಬಿಚ್ಚಿ ಕಟ್ಟುವ ಕೆಲಸವನ್ನೂ, ಕೊಳ್ಳುವವರ ಪರವಾಗಿ ಹೋಗಿ ಪರೀಕ್ಷಿಸುವ ಕೆಲಸವನ್ನೂ ಮಾಡುತ್ತಿರುವ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ: ಆಸೆ ಹಳೆಯದಾದಷ್ಟೂ ಕಣ್ಣು ಕಾರಿನ ಮೈಮೇಲೆಯೇ ನಿಂತುಬಿಡುತ್ತದೆ, ಕಾರಿನ ಅಡಿಗೆ ಇಳಿಯುವುದಿಲ್ಲ. ಆದ್ದರಿಂದ ಮೊದಲು ನೇರವಾದ ಮಾತು ಹೇಳಿಬಿಡುತ್ತೇನೆ. ಈಗಿರುವ ಸ್ಥಿತಿಯಲ್ಲಿ, ಅಂದರೆ ಒಂದೇ ಒಂದು ಹಳೆಯ ಕಾಗದವಿಲ್ಲದೆ, ಇಂಜಿನ್ನಿನ ಮೇಲೆ ಒತ್ತಿದ ಅಂಕಿಗಳ ಮುದ್ರೆ ನೋಡದೆ, ಕಾರನ್ನು ಲಿಫ್ಟಿನ ಮೇಲೆ ಏರಿಸದೆ, ಈ ಕಾರಿಗೆ 68,000 ಡಾಲರ್ ಕೊಡಬೇಡಿ. ಇದೇ ಕಾರನ್ನು ಬೇರೆ ಬೆಲೆಗೆ ಕೊಳ್ಳುವುದು ತಪ್ಪಲ್ಲದಿರಬಹುದು. ಆ ವ್ಯತ್ಯಾಸ ಅರ್ಥವಾಗಬೇಕಾದರೆ ಈ ಕಾರುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

1960ರ ದಶಕದ ಆರಂಭದಲ್ಲಿ ಶೆವ್ರೊಲೆ, ಪಾಂಟಿಯಾಕ್ ಮುಂತಾದ ವಿಭಾಗಗಳಿದ್ದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಒಂದು ನಿಯಮವಿತ್ತು: ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕುವಂತಿಲ್ಲ. ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಅದನ್ನು ದಾಟಲು ಒಂದು ಉಪಾಯ ಕಂಡುಕೊಂಡರು. 389 ಘನ ಇಂಚಿನ ದೊಡ್ಡ ಇಂಜಿನ್ನನ್ನು ಹೊಸ ಮಾದರಿಯ ಕಾರಾಗಿ ತರದೆ, ಇದ್ದ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಸುಮಾರು 296 ಡಾಲರಿನ ಹೆಚ್ಚುವರಿ ಸಲಕರಣೆಯಾಗಿ ಪಟ್ಟಿಯಲ್ಲಿ ಸೇರಿಸಿದರು. ಹೊಸ ಮಾದರಿಗೆ ಮೇಲಿನವರ ಒಪ್ಪಿಗೆ ಬೇಕಿತ್ತು, ಸಲಕರಣೆಗೆ ಬೇಕಿರಲಿಲ್ಲ. ಅದೇ 1964ರ ಪಾಂಟಿಯಾಕ್ ಜಿಟಿಒ. ಮೊದಲ ವರ್ಷವೇ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದ ಮೇಲೆ ಉಳಿದವರೂ ಅದೇ ಹಾದಿ ಹಿಡಿದರು. ಸಂಸಾರಸ್ಥರ ಸಾಧಾರಣ ಕಾರಿಗೆ ದೊಡ್ಡ ಕಾರಿನ ಇಂಜಿನ್ ಕೂರಿಸಿ, ಕೆಲಸಕ್ಕೆ ಸೇರಿದ ಹೊಸತರಲ್ಲಿರುವ ಹುಡುಗನ ಕೈಗೆಟುಕುವ ಬೆಲೆಗೆ ಮಾರುವುದು, ಇದಿಷ್ಟೇ ಮಸಲ್ ಕಾರಿನ ಮೂಲ ಸೂತ್ರ.

ಹೀಗೆ ಸಲಕರಣೆಯ ಪಟ್ಟಿಯಲ್ಲಿ ಹುಟ್ಟಿದ್ದೇ ಇಂದು ನಿಮ್ಮ ತೊಂದರೆಯ ಮೂಲ. ಎಸ್‌ಎಸ್ ಎಂಬುದು 1966ರಿಂದ 1968ರವರೆಗೆ ಶೆವೆಲ್‌ನಲ್ಲಿ ಪ್ರತ್ಯೇಕ ಮಾದರಿಯಾಗಿತ್ತು. ಚಾಸಿ ನಂಬರ್ 138 ಎಂದು ಆರಂಭವಾದರೆ ಅದು ಎಸ್‌ಎಸ್ 396 ಎಂದೇ ಅರ್ಥ. 1969ರಿಂದ ಅದು ಮತ್ತೆ ಸಲಕರಣೆಯ ಕಟ್ಟಾಯಿತು. 1970ರಲ್ಲಿ ಝಡ್25 ಎಂಬ ಸಂಕೇತಕ್ಕೆ ಟಿಕ್ ಹಾಕಿ ನಾನೂರು ಚಿಲ್ಲರೆ ಡಾಲರ್ ಹೆಚ್ಚು ಕೊಟ್ಟರೆ ಎಸ್‌ಎಸ್ 396, ಝಡ್15 ಎಂದರೆ ಎಸ್‌ಎಸ್ 454. ಆ ವರ್ಷದ ಎಂಟು ಸಿಲಿಂಡರಿನ ಮಾಲಿಬು (ಎಸ್‌ಎಸ್ ಅಲ್ಲದ ಮಾಮೂಲಿ ಶೆವೆಲ್) ಕೂಪೆಯ ಚಾಸಿ ನಂಬರೂ 13637 ಎಂದು ಆರಂಭವಾಗುತ್ತದೆ, ನಿಜವಾದ ಎಸ್‌ಎಸ್ ಕೂಪೆಯದೂ ಹಾಗೆಯೇ. ನಿಮ್ಮ ಮಾರಾಟಗಾರರು "ಚಾಸಿ ನಂಬರೇ ಹೇಳುತ್ತದೆ ನೋಡಿ, ಇದು ಎಸ್‌ಎಸ್" ಎಂದಿದ್ದಾರೆ ಎಂದು ಬರೆದಿದ್ದೀರಿ. 1970ರ ಶೆವೆಲ್‌ನ ಚಾಸಿ ನಂಬರ್ ಅದನ್ನು ಹೇಳಲು ಸಾಧ್ಯವೇ ಇಲ್ಲ. ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ, ಏಕೆಂದರೆ ತಾವು ಕೊಂಡಾಗ ಕೇಳಿದ್ದನ್ನೇ ನಂಬಿ ಮುಂದಿನವರಿಗೆ ದಾಟಿಸುವವರು ಈ ವ್ಯವಹಾರದಲ್ಲಿ ಬಹಳ ಮಂದಿ. ಬೇರೆ ಕಾರುಗಳ ವಿಷಯ ಹೀಗಿಲ್ಲ ಎಂಬುದನ್ನೂ ಹೇಳಬೇಕು. 1966ರಿಂದ 1971ರ ಜಿಟಿಒ ಆದರೆ ಚಾಸಿ ನಂಬರಿನ ಮೊದಲ ಅಂಕಿಗಳು 242 ಇರಲೇಬೇಕು. 1970ರ ಪ್ಲಿಮತ್ ಅಥವಾ ಡಾಡ್ಜ್ ಆದರೆ ಐದನೆಯ ಸ್ಥಾನದ ಆರ್ ಅಕ್ಷರ 426 ಹೆಮಿ ಇಂಜಿನ್ನಿಗೆ ಸಾಕ್ಷಿ. 1967ರಿಂದೀಚಿನ ಮಸ್ಟಾಂಗ್ ಆದರೆ ಫೋರ್ಡ್ ದಾಖಲೆಗಳ ಆಧಾರದ ಮಾರ್ಟಿ ವರದಿಯನ್ನು ಹಣ ಕೊಟ್ಟು ತರಿಸಿಕೊಳ್ಳಬಹುದು. ಪಾಂಟಿಯಾಕ್‌ಗೂ ಅಂಥದೇ ದಾಖಲೆ ಸೇವೆಯಿದೆ. ಅಮೆರಿಕದಲ್ಲಿ ಮಾರಾಟವಾದ ಶೆವ್ರೊಲೆಗಳಿಗೆ ಮಾತ್ರ ಅಂಥ ದಾಖಲೆ ಸಿಗುವುದಿಲ್ಲ. ಕೆನಡಾದಲ್ಲಿ ಹೊಸದಾಗಿ ಮಾರಾಟವಾಗಿದ್ದ ಕಾರಾದರೆ ಅಲ್ಲಿನ ಜನರಲ್ ಮೋಟರ್ಸ್‌ನಿಂದ ವಿವರ ಪಡೆಯಬಹುದು. ನೀವು ಮನಸೋತಿರುವುದು ಸಾಬೀತುಪಡಿಸಲು ಅತಿ ಕಷ್ಟವಾದ ಕಾರಿಗೆ, ಮತ್ತು 1970ರಲ್ಲಿ ಐವತ್ತಮೂರು ಸಾವಿರಕ್ಕೂ ಹೆಚ್ಚು ಎಸ್‌ಎಸ್ 396 ತಯಾರಾಗಿದ್ದರಿಂದ ಅದರ ಬಿಡಿಭಾಗಗಳು, ಬ್ಯಾಡ್ಜ್‌ಗಳು, ಗುಮ್ಮಟದ ಬಾನೆಟ್ಟುಗಳು, ದುಂಡು ಮೀಟರಿನ ಡ್ಯಾಶ್‌ಬೋರ್ಡುಗಳು ಎಲ್ಲವೂ ಪೇಟೆಯಲ್ಲಿ ಹೇರಳ. ಒಂದು ಮಾಲಿಬುವಿಗೆ ಅವನ್ನೆಲ್ಲ ತೊಡಿಸುವುದು ಎರಡು ವಾರದ ಕೆಲಸ.

ಹಾಗಾದರೆ ಏನನ್ನು ನೋಡಬೇಕು? ಇಂಜಿನ್ನಿನಿಂದ ಆರಂಭಿಸೋಣ. ಬಾನೆಟ್ ತೆರೆದು ಪ್ರಯಾಣಿಕರ ಕಡೆಯ, ಅಂದರೆ ಬಲಗಡೆಯ, ಸಿಲಿಂಡರ್ ಹೆಡ್ಡಿನ ಮುಂದಕ್ಕೆ ಬಗ್ಗಿದರೆ ಬ್ಲಾಕಿನ ಮೇಲೆ ಎರಡು ಬೆರಳಗಲದ ಒಂದು ನುಣುಪಾದ ಪಟ್ಟಿ ಕಾಣುತ್ತದೆ. ಸಾಮಾನ್ಯವಾಗಿ ಎಣ್ಣೆಜಿಡ್ಡು ಮತ್ತು ಬಣ್ಣದಿಂದ ಮುಚ್ಚಿರುತ್ತದೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಮೇಲಿನಿಂದ ಬಿಡದೆ ಪಟ್ಟಿಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಡಿ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈ ಹೆರೆದಾಗ ಬಿದ್ದ ಕೂದಲೆಳೆಯಷ್ಟು ಸಣ್ಣ ಸಮಾಂತರ ಗೆರೆಗಳು ಮುಂದಿನಿಂದ ಹಿಂದಕ್ಕೆ ಉದ್ದಕ್ಕೂ ಓಡಿರುತ್ತವೆ, ಅಂಕಿಗಳು ಆ ಗೆರೆಗಳ ಮೇಲೆ ಒತ್ತಿರುತ್ತವೆ. ಯಾರಾದರೂ ಹಳೆಯ ಅಂಕಿಗಳನ್ನು ಉಜ್ಜಿ ಹೊಸದಾಗಿ ಕುಟ್ಟಿದ್ದರೆ ಗೆರೆಗಳು ಅಳಿಸಿಹೋಗಿರುತ್ತವೆ, ಅಥವಾ ಮರಳು ಕಾಗದದಲ್ಲಿ ತಿಕ್ಕಿದಂಥ ಅಡ್ಡಾದಿಡ್ಡಿ ಗೀರುಗಳಿರುತ್ತವೆ. ಗೆರೆಗಳನ್ನೇ ನಕಲಿಯಾಗಿ ಎಳೆಯುವವರೂ ಇದ್ದಾರೆ, ಆದರೆ ಓರೆ ಬೆಳಕಿನಲ್ಲಿ ಅವು ಒಂದೇ ಆಳದಲ್ಲಿ ಇರುವುದಿಲ್ಲ. ಇಂಜಿನ್ ಹಿಂದೊಮ್ಮೆ ಪೂರ್ತಿ ರಿಪೇರಿಯಾದಾಗ ಪ್ರಾಮಾಣಿಕವಾಗಿಯೇ ಆ ಮೇಲ್ಮೈಯನ್ನು ಹೆರೆದಿರುವ ಸಂಭವವೂ ಇದೆ. ಆದ್ದರಿಂದ ಗೆರೆ ಇಲ್ಲದಿರುವುದು ಮೋಸದ ರುಜುವಾತಲ್ಲ. ಆದರೆ "ಅಸಲಿ ಇಂಜಿನ್" ಎಂಬ ಹೆಸರಿಗೆ ಹೆಚ್ಚಿನ ಬೆಲೆ ಕೇಳುವ ಹಕ್ಕು ಅಲ್ಲಿಗೆ ಮುಗಿಯುತ್ತದೆ.

ಅಂಕಿಗಳನ್ನು ಓದುವುದು ಕಷ್ಟವಲ್ಲ. ಒಂದು ಗುಂಪಿನಲ್ಲಿ ಕಾರಿನ ಚಾಸಿ ನಂಬರಿನ ಭಾಗ ಇರುತ್ತದೆ: ಶೆವ್ರೊಲೆಗೆ 1, 1970ಕ್ಕೆ 0, ಕಾರ್ಖಾನೆಯ ಅಕ್ಷರ, ಕೊನೆಯ ಆರು ಅಂಕಿ. 1968ರಿಂದ ಇದನ್ನು ಇಂಜಿನ್ನಿನ ಮೇಲೆ ಒತ್ತುವುದು ರೂಢಿಗೆ ಬಂತು, ಡ್ಯಾಶ್‌ಬೋರ್ಡಿನ ಎಡ ಮೂಲೆಯ ಫಲಕದೊಂದಿಗೆ ಇದು ತಾಳೆಯಾಗಬೇಕು. ಇನ್ನೊಂದು ಗುಂಪಿನಲ್ಲಿ ಇಂಜಿನ್ ಜೋಡಿಸಿದ ಕಾರ್ಖಾನೆ, ದಿನಾಂಕ ಮತ್ತು ಇಂಜಿನ್ನಿನ ಜಾತಿ ತಿಳಿಸುವ ಅಕ್ಷರಗಳಿರುತ್ತವೆ. ನ್ಯೂಯಾರ್ಕ್ ರಾಜ್ಯದ ಟೋನವಾಂಡಾದಲ್ಲಿ ಜೋಡಿಸಿದ ದೊಡ್ಡ ಇಂಜಿನ್ ಆದರೆ ಮೊದಲ ಅಕ್ಷರ ಟಿ. ಈಗ ದಿನಾಂಕಗಳ ಸಾಲು ನೋಡಿ. ಬ್ಲಾಕಿನ ಮೈಯಲ್ಲಿ ಎರಕದ ದಿನ ಬಿ 10 0 ಎಂದಿದ್ದರೆ ಅದು 1970ರ ಫೆಬ್ರವರಿ 10; ಪಟ್ಟಿಯ ಮೇಲೆ ಟಿ0218 ಎಂದಿದ್ದರೆ ಜೋಡಣೆ ಫೆಬ್ರವರಿ 18; ಬಾನೆಟ್ಟಿನ ಹಿಂದಿನ ಗೋಡೆಯ ಮೇಲಿರುವ ಬಾಡಿ ಫಲಕದಲ್ಲಿ 03ಬಿ ಎಂದಿದ್ದರೆ ಬಾಡಿ ತಯಾರಾದದ್ದು ಮಾರ್ಚ್ ಎರಡನೆಯ ವಾರ. ಎರಕ, ಜೋಡಣೆ, ಕಾರು, ಈ ಕ್ರಮದಲ್ಲಿ ಕೆಲವು ವಾರಗಳ ಅಂತರದಲ್ಲಿ ಇದ್ದರೆ ಕತೆ ನಂಬುವಂತಿದೆ. ಏಪ್ರಿಲ್‌ನಲ್ಲಿ ಎರಕವಾದ ಬ್ಲಾಕು ಮಾರ್ಚ್‌ನಲ್ಲಿ ಹುಟ್ಟಿದ ಕಾರಿನಲ್ಲಿ ಇರಲು ಸಾಧ್ಯವಿಲ್ಲ. ಹಾಗೆ ತಪ್ಪು ಮಾಡಿ ಸಿಕ್ಕಿಬಿದ್ದ ಕಾರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಲೇಬೇಕು, ಏಕೆಂದರೆ ಇದರಿಂದ ಅನೇಕರು ಗಾಬರಿಯಾಗಿ ನನಗೆ ಫೋನ್ ಮಾಡುತ್ತಾರೆ. 1970ರ ಎಸ್‌ಎಸ್ 396 ಕಾರಿನ ಇಂಜಿನ್ ವಾಸ್ತವವಾಗಿ 402 ಘನ ಇಂಚಿನದು. ಸಿಲಿಂಡರಿನ ವ್ಯಾಸವನ್ನು ಸ್ವಲ್ಪ ಹಿಗ್ಗಿಸಿದ್ದರೂ ಜನರ ಬಾಯಲ್ಲಿ ನಿಂತಿದ್ದ 396 ಎಂಬ ಹೆಸರನ್ನೇ ಬ್ಯಾಡ್ಜಿನಲ್ಲಿ ಉಳಿಸಿಕೊಂಡರು. ಅಳೆದಾಗ 402 ಬಂದರೆ ಅದು ದೋಷವಲ್ಲ.

ನೀವು ಕಳಿಸಿದ ಫೋಟೋಗಳಲ್ಲಿ ಗುಮ್ಮಟದ ಬಾನೆಟ್ಟು, ಕಪ್ಪು ಗ್ರಿಲ್, ದುಂಡು ಮೀಟರುಗಳು ಎಲ್ಲ ಸರಿಯಾಗಿವೆ. ಇವು ಸುಲಭವಾಗಿ ಬದಲಾಯಿಸುವಂಥವಾದ್ದರಿಂದ ನಾನು ಇವಕ್ಕೆ ಹೆಚ್ಚು ಅಂಕ ಕೊಡುವುದಿಲ್ಲ. ಯಾರೂ ಬದಲಾಯಿಸಲು ಹೋಗದ ಕಡೆ ನೋಡಬೇಕು: ಹಿಂದಿನ ಡಿಫರೆನ್ಷಿಯಲ್ಲಿನ ಮುಚ್ಚಳದಲ್ಲಿ ಹನ್ನೆರಡು ಬೋಲ್ಟ್ ಇವೆಯೇ, ಹಿಂದಿನ ಸಸ್ಪೆನ್ಷನ್ನಿನ ಕೆಳತೋಳುಗಳು ಪೆಟ್ಟಿಗೆಯಂತೆ ಮುಚ್ಚಿವೆಯೇ, ಅವುಗಳ ನಡುವೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ವೇ ಬಾರ್ ಇದೆಯೇ ಎಂಬುದು ಎಸ್‌ಎಸ್ ಜೊತೆಗೆ ಬರುತ್ತಿದ್ದ ಗುರುತುಗಳು. ಇವಿಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಇದ್ದರೆ ಅನುಮಾನ ಪೂರ್ತಿ ಹೋಗುವುದಿಲ್ಲ. ಅಂತಿಮ ಸಾಕ್ಷಿ ಕಾಗದವೇ. ಜೋಡಣೆಯ ಸಾಲಿನಲ್ಲಿ ಕೆಲಸಗಾರರಿಗೆ ಕೊಡುತ್ತಿದ್ದ ಬಿಲ್ಡ್ ಶೀಟ್ ಎಂಬ ಹಾಳೆಯನ್ನು ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಥವಾ ಸೀಟಿನ ಸ್ಪ್ರಿಂಗುಗಳ ನಡುವೆ ಬಿಟ್ಟುಬಿಡುತ್ತಿದ್ದರು. ಟೊಲೀಡೊ ಕಾರಿನ ಟ್ಯಾಂಕನ್ನು ಯಾರಾದರೂ ಇಳಿಸಿ ನೋಡಿದ್ದಾರೆಯೇ ಎಂದು ಕೇಳಿ. ವಾರಂಟಿ ಪುಸ್ತಕಕ್ಕೆ ಅಂಟಿಸಿದ ಸಣ್ಣ ಲೋಹದ ಫಲಕ, ಡೀಲರಿನ ಬಿಲ್ಲು, ಕಿಟಕಿಗೆ ಅಂಟಿಸಿದ್ದ ಬೆಲೆಚೀಟಿ ಸಹ ಸಾಕ್ಷಿಗಳೇ, ಆದರೆ ಇವೆಲ್ಲದರ ನಕಲು ಮಾಡಿಕೊಡುವವರಿದ್ದಾರೆ. ಐವತ್ತು ವರ್ಷ ಟ್ಯಾಂಕಿನ ಮೇಲಿದ್ದ ಹಾಳೆ ಹಳದಿಯಾಗಿ, ಅಂಚು ಮುರಿದು, ಎಣ್ಣೆ ಕುಡಿದು ಕೂತಿರುತ್ತದೆ. ಬೆಳ್ಳಗೆ ಮಡಿಕೆಯಿಲ್ಲದೆ ಬಂದ ಹಾಳೆಯನ್ನು ನಾನು ನಂಬುವುದಿಲ್ಲ. ಡ್ಯಾಶ್‌ಬೋರ್ಡಿನ ಚಾಸಿ ಫಲಕದ ರಿವೆಟ್‌ಗಳ ತಲೆ ಹೂವಿನಂತೆ ಎಸಳೆಸಳಾಗಿರಬೇಕು. ಸಾಮಾನ್ಯ ಗುಂಡು ರಿವೆಟ್ ಕಂಡರೆ ಮಾತು ಮುಂದುವರಿಸದೆ ಹೊರಟುಬನ್ನಿ. ಆ ಫಲಕವನ್ನು ಕಿತ್ತು ಬದಲಿಸುವುದು ಈ ದೇಶದಲ್ಲಿ ಅಪರಾಧ, ಮತ್ತು ಅಂಥ ಕಾರನ್ನು ಪೊಲೀಸರು ವಶಪಡಿಸಿಕೊಂಡರೆ ನಿಮ್ಮ ಹಣವೂ ಹೋಗುತ್ತದೆ, ಕಾರೂ ಹೋಗುತ್ತದೆ.

ಇಷ್ಟು ಹೇಳಿದ ಮೇಲೂ, ನನ್ನನ್ನು ರಾತ್ರಿ ನಿದ್ದೆಗೆಡಿಸುವುದು ನಕಲಿ ಎಸ್‌ಎಸ್ ಅಲ್ಲ, ತುಕ್ಕು. ನಕಲಿ ಬ್ಯಾಡ್ಜಿನಿಂದ ನಿಮಗೆ ಹಣದ ನಷ್ಟವಾಗುತ್ತದೆ. ತುಕ್ಕು ಹಿಡಿದ ಚಾಸಿಯಿಂದ ಹಣದ ಜೊತೆಗೆ ಕಾರೂ ಹೋಗುತ್ತದೆ, ಪ್ರಾಣಕ್ಕೂ ಅಪಾಯ. ಮಿಷಿಗನ್, ಒಹಾಯೊದ ರಸ್ತೆಗಳಿಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಈ ಕಾರುಗಳನ್ನು ಒಳಗಿನಿಂದ ತಿಂದಿದೆ. ಶೆವೆಲ್‌ಗೆ ಬಾಡಿಯ ಅಡಿ ಪ್ರತ್ಯೇಕ ಚಾಸಿ ಇರುವುದು ಒಂದು ಅನುಕೂಲ, ಆದರೆ ಹಿಂದಿನ ಚಕ್ರಗಳ ಮೇಲೆ ಚಾಸಿ ಬಾಗುವ ಕಡೆ, ಬಾಡಿಯನ್ನು ಚಾಸಿಗೆ ಬಿಗಿಯುವ ಬೋಲ್ಟುಗಳ ಸುತ್ತ, ಡಿಕ್ಕಿಯ ನೆಲದಲ್ಲಿ, ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ ನೀರು ಮತ್ತು ಮಣ್ಣು ಕೂತು ಕೊರೆಯುತ್ತವೆ. ನಿಮ್ಮ ಕಾರಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ಆ ಕಪ್ಪು ವಿನೈಲ್ ಛಾವಣಿಯ ಬಗ್ಗೆ. ಬಟ್ಟೆಯಂಥ ಆ ಹೊದಿಕೆಯ ಅಡಿಗೆ ಒಮ್ಮೆ ಇಳಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಹಿಂದಿನ ಗಾಜಿನ ಕೆಳಮೂಲೆಗಳಲ್ಲಿ ನಿಲ್ಲುತ್ತದೆ, ಅಲ್ಲಿಂದ ಡಿಕ್ಕಿಗೆ ತೊಟ್ಟಿಕ್ಕುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಒಂದು ನೀಲಿ ಶೆವೆಲ್ ಬಂತು. ಬಣ್ಣದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಹೊಸ ಮಾಲೀಕರು ಅದನ್ನು ಕೊಂಡು ಎರಡು ತಿಂಗಳಾಗಿತ್ತು, ಡಿಕ್ಕಿಯಲ್ಲಿ ನೀರು ಬರುತ್ತದೆ ಎಂಬುದಷ್ಟೇ ಅವರ ದೂರು. ಹಿಂದಿನ ಗಾಜಿನ ಪಟ್ಟಿ ತೆಗೆದು ವಿನೈಲಿನ ಅಂಚನ್ನು ಮೆಲ್ಲಗೆ ಎತ್ತಿ ಸ್ಕ್ರೂಡ್ರೈವರ್ ತಾಗಿಸಿದೆ, ಅದು ಬಿಸ್ಕತ್ತಿಗೆ ಇಳಿದಂತೆ ಇಳಿಯಿತು. ಕೆರೆಯುತ್ತಾ ಹೋದಂತೆ ಹೆಬ್ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಸೊಳ್ಳೆ ಪರದೆಯಂಥ ತಂತಿಬಲೆ, ಅದರ ಹಿಂದೆ ಮಡಚಿ ತುರುಕಿದ್ದ ಪತ್ರಿಕೆಯ ಹಾಳೆಗಳು. ಲೋಹ ಇರಬೇಕಾದ ಕಡೆ ಲೋಹವೇ ಇರಲಿಲ್ಲ. ಆ ಮನುಷ್ಯ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಾನು ಕೆರೆಯುವುದನ್ನು ನಿಲ್ಲಿಸಿ ಅವರಿಗೊಂದು ಕುರ್ಚಿ ತಂದುಕೊಟ್ಟೆ.

ಇದನ್ನು ಮೊದಲೇ ಹಿಡಿಯುವುದು ದುಬಾರಿಯ ಕೆಲಸವಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಕಾರ್ಖಾನೆಯ ಬಣ್ಣವಾದರೆ ಸುಮಾರು 100ರಿಂದ 150 ಮೈಕ್ರಾನ್, ಮರುಬಣ್ಣವಾಗಿದ್ದರೆ ಅದರ ಎರಡು ಮೂರು ಪಟ್ಟು. ಸಾವಿರ ದಾಟಿತೆಂದರೆ ಅಡಿಯಲ್ಲಿ ಪುಟ್ಟಿ ಇದೆ ಎಂದೇ ಲೆಕ್ಕ. ಮೀಟರ್ ಇಲ್ಲದಿದ್ದರೆ ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಸುತ್ತ ಆಡಿಸಿ, ಎಲ್ಲಿ ಜಾರಿ ಬೀಳುತ್ತದೆ ನೋಡಿ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ, ಕೈ ಒಳಗೆ ಹಾಕಿ, ಬದಿಯ ಗೋಡೆಗಳನ್ನು ಒಳಗಿನಿಂದ ಸವರಿ.

ಇನ್ನು ಪೆಟ್ರೋಲಿನ ವಿಷಯ. ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜವಿದೆ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತ ಎರಡು ಕೆಲಸ ಮಾಡುತ್ತಿತ್ತು: ಇಂಜಿನ್ ನಾಕಿಂಗ್ ಆಗದಂತೆ ಆಕ್ಟೇನ್ ಏರಿಸುವುದು, ಮತ್ತು ಎಕ್ಸಾಸ್ಟ್ ವಾಲ್ವು ಹೋಗಿ ಕೂರುವ ಸೀಟಿನ ಮೇಲೆ ತೆಳುಪದರವಾಗಿ ನಿಂತು ಲೋಹಕ್ಕೆ ಲೋಹ ಅಂಟಿ ಸವೆಯದಂತೆ ಕಾಯುವುದು. ಅಮೆರಿಕದಲ್ಲಿ 1970ರ ದಶಕದಿಂದ ಸೀಸವನ್ನು ಹಂತಹಂತವಾಗಿ ಇಳಿಸಿ, 1996ರ ಜನವರಿ 1ರಿಂದ ರಸ್ತೆಯ ವಾಹನಗಳಿಗೆ ಪೂರ್ತಿ ನಿಷೇಧಿಸಿದರು. ಸೀಟು ಸವೆಯುವ ತೊಂದರೆ ಸತ್ಯವೇ, ಆದರೆ ಅದು ಭಾರ ಎಳೆಯುತ್ತಾ, ಹೆಚ್ಚು ವೇಗದಲ್ಲಿ ಗಂಟೆಗಟ್ಟಲೆ ಓಡುವ ಇಂಜಿನ್ನಿಗೆ ಬರುವಂಥದು. ವರ್ಷಕ್ಕೆ ಸಾವಿರ, ಎರಡು ಸಾವಿರ ಮೈಲಿ ಭಾನುವಾರದ ಸವಾರಿ ಮಾಡುವ ಕಾರಿಗೆ ಅದೊಂದು ಭೂತವಲ್ಲ. ಹಿಂದೆ ಇಂಜಿನ್ ರಿಪೇರಿಯಾದಾಗ ಗಟ್ಟಿ ಸೀಟುಗಳನ್ನು ಕೂರಿಸಿರುವ ಸಾಧ್ಯತೆಯೇ ಹೆಚ್ಚು. ಇಲ್ಲದಿದ್ದರೆ ಮುಂದೆ ಹೆಡ್ ಬಿಚ್ಚಿದಾಗ ಕೂರಿಸಿದರಾಯಿತು. ಆಕ್ಟೇನ್ ವಿಷಯಕ್ಕೆ, 350 ಅಶ್ವಶಕ್ತಿಯ ಈ ಇಂಜಿನ್ನಿನ ಕಂಪ್ರೆಷನ್ 10.25:1 ಇರುವುದರಿಂದ ಬಂಕಿನ 93 ಆಕ್ಟೇನಿನ ಪ್ರೀಮಿಯಮ್ ಬೇಕೇ ಬೇಕು. ಏರಿನಲ್ಲಿ ಕಲ್ಲು ಉರುಳಿಸಿದಂಥ ಸದ್ದು ಬಂದರೆ ಟೈಮಿಂಗನ್ನು ಒಂದೆರಡು ಡಿಗ್ರಿ ಹಿಂದಕ್ಕೆ ಇಡಬೇಕು.

ಯಾರೂ ನಿಮಗೆ ಹೇಳದಿರುವ ಎರಡು ಅಪಾಯಗಳು ಸೀಸಕ್ಕಿಂತ ದೊಡ್ಡವು. ಒಂದು, ಪೆಟ್ರೋಲಿನಲ್ಲಿ ಹತ್ತು ಶೇಕಡಾ ಬೆರೆತಿರುವ ಎಥೆನಾಲ್ ಹಳೆಯ ಕಾಲದ ರಬ್ಬರ್ ಪೈಪುಗಳನ್ನು, ಫ್ಯೂಯಲ್ ಪಂಪಿನ ಪೊರೆಯನ್ನು ಮೆತ್ತಗೆ ಮಾಡಿ ಒಡೆಯುತ್ತದೆ. ಸೋರಿದ ಪೆಟ್ರೋಲ್ ಬಿಸಿ ಇಂಜಿನ್ನಿನ ಮೇಲೆ ಬಿದ್ದರೆ ಮುಂದಿನದು ಹೇಳಬೇಕಿಲ್ಲ. ಯಾವ ಕಾರನ್ನೇ ಕೊಂಡರೂ ಮೊದಲ ವಾರದಲ್ಲಿ ಎಥೆನಾಲ್ ತಡೆಯುವ ಹೊಸ ಪೈಪುಗಳನ್ನು ಹಾಕಿಸಿ. ಎರಡು, ಇಂಜಿನ್ ಆಯಿಲ್. ಆ ಕಾಲದ ಇಂಜಿನ್ನುಗಳಲ್ಲಿ ವಾಲ್ವುಗಳನ್ನು ಎತ್ತಿಳಿಸುವ ಕ್ಯಾಮ್ ಮತ್ತು ಟ್ಯಾಪೆಟ್ಟು ಒಂದರ ಮೇಲೊಂದು ಉಜ್ಜಿಕೊಂಡೇ ಓಡುವಂಥವು, ಅವನ್ನು ಕಾಯುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಕೆಟಲಿಟಿಕ್ ಕನ್ವರ್ಟರುಗಳಿಗೆ ಹಾನಿಯೆಂದು ಈಗಿನ ಆಯಿಲುಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಹೊಸ ಕ್ಯಾಮ್ ಹಾಕಿಸಿಕೊಂಡ ಇಂಜಿನ್ನಿಗೆ ಅಂಗಡಿಯ ಮಾಮೂಲಿ ಆಯಿಲ್ ಸುರಿದು, ಅರ್ಧ ಗಂಟೆಯೊಳಗೆ ಕ್ಯಾಮಿನ ಉಬ್ಬು ಸವೆದು ದುಂಡಗಾಗಿದ್ದನ್ನು ನಾನು ಬಿಚ್ಚಿ ನೋಡಿದ್ದೇನೆ. ಹಳೆಯ ಇಂಜಿನ್ನುಗಳಿಗೆಂದೇ ಮಾಡಿದ, ಸತು ಹೆಚ್ಚಿರುವ ಆಯಿಲ್ ಸಿಗುತ್ತದೆ, ಅದನ್ನೇ ಬಳಸಿ. ಬ್ರೇಕಿನ ಬಗ್ಗೆ ಇಷ್ಟು ಸಾಕು: ಎಸ್‌ಎಸ್‌ಗೆ ಮುಂದೆ ಪವರ್ ಡಿಸ್ಕ್ ಬರುತ್ತಿತ್ತು, ನಾಲ್ಕೂ ಕಡೆ ಡ್ರಮ್ ಇರುವ ಮಾಲಿಬು ಕೊಂಡರೆ ಮುಂದಿನದನ್ನು ಡಿಸ್ಕಿಗೆ ಬದಲಿಸಿ. ಹಿಂದಿನ ಸೀಟಿನಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ, ಮೊಮ್ಮಕ್ಕಳನ್ನು ಕೂರಿಸುವ ಮುನ್ನ ಅದನ್ನು ಯೋಚಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಭಾವಮೈದನವರ ಸಲಹೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನ ಸಲಹೆಗಳಲ್ಲಿ ಇದೇ ಅತಿ ದುಬಾರಿಯದು. ಓಡದ ಕಾರನ್ನು ಚಾಸಿಯವರೆಗೆ ಬಿಚ್ಚಿ ಕಟ್ಟಲು ಅನುಭವಿಗಳ ವರ್ಕ್‌ಶಾಪಿನಲ್ಲೂ ಸಾವಿರ ಗಂಟೆ ಹಿಡಿಯುತ್ತದೆ, ಗಂಟೆಗೆ ನೂರು ಡಾಲರಿಗೆ ಕಡಿಮೆಯಿಲ್ಲ. ಬಿಡಿಭಾಗ, ಕ್ರೋಮ್, ಬಣ್ಣದ ಖರ್ಚು ಬೇರೆ. ನೀವಿಬ್ಬರೇ ಮಾಡಿದರೆ ಕೂಲಿ ಉಳಿಯುತ್ತದೆ, ಆದರೆ ಇಬ್ಬರದೂ ಸೇರಿ ಶನಿವಾರಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೂ ಎರಡೂವರೆ ವರ್ಷ, ಅದೂ ಕೆಲಸ ಬಲ್ಲವರಾದರೆ. ಅರ್ಧಕ್ಕೆ ನಿಂತು, ನಟ್ಟುಬೋಲ್ಟುಗಳು ಡಬ್ಬಿಗಳಲ್ಲಿ ಬೆರೆತುಹೋಗಿ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಾಟವಾದ ಕಾರುಗಳು ನನ್ನ ಕೈಗೆ ಎಷ್ಟೋ ಬಂದಿವೆ. ವೆಲ್ಡಿಂಗ್ ಕಲಿಯುವ ಆಸೆ ಇದ್ದು, ಕಾರು ಓಡಿಸುವುದಕ್ಕಿಂತ ಕಟ್ಟುವುದೇ ನಿಮಗೆ ಇಷ್ಟವಾದರೆ ಮಾತ್ರ ಈ ದಾರಿ.

ದಾಖಲೆ ಸಮೇತ ಸಿಗುವ ನಿಜವಾದ ಎಸ್‌ಎಸ್ ಕೊಳ್ಳುವುದು ಇನ್ನೊಂದು. ಬೆಲೆ ಹೆಚ್ಚು, ಆದರೆ ಮುಂದೆ ಮಾರುವಾಗ ಆ ಕಾಗದವೇ ನಿಮ್ಮ ಪರ ಮಾತಾಡುತ್ತದೆ. ಇದನ್ನು ಹೂಡಿಕೆ ಎಂದು ಮಾತ್ರ ಕರೆಯಬೇಡಿ. 2000ರ ದಶಕದ ಮಧ್ಯದಲ್ಲಿ ಈ ಕಾರುಗಳ ಬೆಲೆ ಗಗನಕ್ಕೇರಿ, 2008ರ ಆರ್ಥಿಕ ಕುಸಿತದ ನಂತರ ಧಡಕ್ಕನೆ ಇಳಿದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹರೆಯದಲ್ಲಿ ಇವನ್ನು ರಸ್ತೆಯಲ್ಲಿ ಕಂಡು ಆಸೆಪಟ್ಟ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ, ಅವರ ನಂತರ ಯಾರು ಕೊಳ್ಳುತ್ತಾರೆ ಎಂಬುದನ್ನು ಆಧರಿಸಿ ಬೆಲೆ ನಿಲ್ಲುತ್ತದೆ. ವಿಮೆ, ಚಳಿಗಾಲದಲ್ಲಿ ನಿಲ್ಲಿಸುವ ಜಾಗ, ಟೈರು, ರಿಪೇರಿಗಳನ್ನು ಕಳೆದರೆ ಬ್ಯಾಂಕಿನ ಬಡ್ಡಿಯಷ್ಟೂ ಉಳಿಯದಿರಬಹುದು. ಮನೆಯವರ ಚಿಂತೆಗೆ ಇದರಲ್ಲಿ ಉತ್ತರವಿದೆ: ಪೂರ್ತಿ ಕಳೆದುಕೊಂಡರೂ ನಿವೃತ್ತಿಯ ಬದುಕು ಅಲುಗದಷ್ಟು ಹಣವನ್ನೇ ಇದಕ್ಕೆ ಇಡಿ. ವಿಮೆ ಮಾಡಿಸುವಾಗ, ಕಾರಿನ ಮೌಲ್ಯವನ್ನು ಮೊದಲೇ ಒಪ್ಪಿ ಬರೆದುಕೊಳ್ಳುವ ಹಳೆಯ ಕಾರುಗಳ ಪಾಲಿಸಿ ಕೇಳಿ ಪಡೆಯಿರಿ, ಸಾಮಾನ್ಯ ಪಾಲಿಸಿಯಲ್ಲಿ ಐವತ್ತು ವರ್ಷದ ಕಾರಿಗೆ ನೀವು ಕೊಟ್ಟದ್ದಕ್ಕಿಂತ ಬಹಳ ಕಡಿಮೆ ಸಿಗಬಹುದು.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರವಾದ ದಾರಿ: ತುಕ್ಕಿಲ್ಲದ, ಯಾವ ಸುಳ್ಳನ್ನೂ ಹೇಳದ ಮಾಲಿಬು ಕೂಪೆಯನ್ನು ಅಥವಾ ಎಸ್‌ಎಸ್ ವೇಷ ತೊಟ್ಟಿದ್ದೇನೆ ಎಂದು ತಾನೇ ಒಪ್ಪಿಕೊಳ್ಳುವ ಕಾರನ್ನು ಅದರ ಬೆಲೆಗೇ ಕೊಳ್ಳುವುದು. ಅದೇ ಬಾಡಿ, ಅದೇ ಚಾಸಿ. 350 ಘನ ಇಂಚಿನ ಇಂಜಿನ್ ಇದ್ದರೆ ಮುಂಭಾಗ ಹಗುರವಾಗಿ ತಿರುವಿನಲ್ಲಿ ಕಾರು ಇನ್ನೂ ಚೆನ್ನಾಗಿ ಮಾತು ಕೇಳುತ್ತದೆ. ನಿಮ್ಮ ಮಾವನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅವರು ಒರಗಿರುವ ಕಾರಿನ ಬಾನೆಟ್ಟು ಚಪ್ಪಟೆಯಾಗಿದೆ, ಗುಮ್ಮಟವಿಲ್ಲ. ಗ್ರಿಲ್ಲಿನ ನಡುವೆ ಎಸ್‌ಎಸ್ ಅಕ್ಷರಗಳಿಲ್ಲ, ಶೆವ್ರೊಲೆಯ ಬೋ ಟೈ ಗುರುತಿದೆ. ಅದು ಮಾಲಿಬು. ನೀವು ಐವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದು ಅದೇ ಕಾರನ್ನು. ಈ ದಾರಿಯ ಅಪಾಯವೆಂದರೆ ಮುಂದೆ ಬೆಲೆ ಹೆಚ್ಚು ಏರುವುದಿಲ್ಲ, ಅಷ್ಟೇ.

ಹೊಸ ಇಂಜಿನ್, ಹೊಸ ಸಸ್ಪೆನ್ಷನ್, ಏಸಿ ಹಾಕಿ ಹಳೆಯ ಮೈಯೊಳಗೆ ಹೊಸ ಕಾರು ಮಾಡಿಸುವವರೂ ಇದ್ದಾರೆ. ದಿನವೂ ಓಡಿಸುವವರಿಗೆ ಅದು ಸರಿ, ಆದರೆ ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು, ಮತ್ತು ಕಾರ್ಬುರೇಟರು ಬಾಯಿ ತೆರೆದು ಗಾಳಿ ಎಳೆಯುವ ಸದ್ದು ಅದರಲ್ಲಿ ಇರುವುದಿಲ್ಲ.

ಟೊಲೀಡೊ ಕಾರಿನ ವಿಷಯಕ್ಕೆ ಹೀಗೆ ಮಾಡಿ. ಮಾರಾಟಗಾರರಿಗೆ ಫೋನ್ ಮಾಡಿ, ಇಂಜಿನ್ನಿನ ಆ ಪಟ್ಟಿಯ ಮತ್ತು ಬಾಡಿ ಫಲಕದ ಸ್ಪಷ್ಟ ಫೋಟೋ ಕೇಳಿ. ಕಳಿಸಿದರೆ, ನಿಮಗೂ ಅವರಿಗೂ ಸಂಬಂಧವಿಲ್ಲದ ಪರೀಕ್ಷಕರೊಬ್ಬರನ್ನು ಗೊತ್ತುಮಾಡಿ, ಹತ್ತಿರದ ಯಾವುದಾದರೂ ವರ್ಕ್‌ಶಾಪಿನಲ್ಲಿ ಲಿಫ್ಟ್ ಹೇಳಿಟ್ಟು ಹೋಗಿ. ಐದಾರು ನೂರು ಡಾಲರ್ ಖರ್ಚಾಗಬಹುದು. ನೀವು ಬರುವ ಮೊದಲು ಕಾರನ್ನು ಚಾಲೂ ಮಾಡಬಾರದೆಂದು ಮುಂಚೆಯೇ ಹೇಳಿ, ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ನೋಡಿ. ತಣ್ಣನೆಯ ಇಂಜಿನ್ ಮೊದಲ ಸಲ ಹತ್ತಿಕೊಂಡಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು ಹೋಗಿದೆ, ಸಣ್ಣ ಖರ್ಚು. ಬರುತ್ತಲೇ ಇದ್ದರೆ ಪಿಸ್ಟನ್ ರಿಂಗು, ದೊಡ್ಡ ಖರ್ಚು. ಮುದ್ರೆ, ದಿನಾಂಕ, ಚಾಸಿ ಮೂರೂ ಸರಿಯಾಗಿದ್ದು ಕಾಗದ ಮಾತ್ರ ಇಲ್ಲದಿದ್ದರೆ, ಕಾಗದವಿಲ್ಲದ ಕಾರಿನ ಬೆಲೆಗೆ ಇಳಿಸಿ ಕೇಳಬಹುದು. ಚಾಸಿ ಗಟ್ಟಿಯಾಗಿದ್ದು ಮುದ್ರೆ ತಾಳೆಯಾಗದಿದ್ದರೆ, ಅದನ್ನು ಮಾಲಿಬು ಎಂದೇ ಬಗೆದು ಮಾಲಿಬುವಿನ ಬೆಲೆ ಹೇಳಿ. ಲಿಫ್ಟಿಗೆ ಏರಿಸಲು ಒಪ್ಪದಿದ್ದರೆ ನಮಸ್ಕಾರ ಹೇಳಿ ವಾಪಸು ಬನ್ನಿ. ಪಟ್ಟಿಯ ಫೋಟೋ ಬಂದ ದಿನ ನನಗೂ ಕಳಿಸಿ, ಗೆರೆಗಳನ್ನು ನಾನೂ ನೋಡುತ್ತೇನೆ.